ವಿಮಾನದ ಎಂಟು ಬೋಲ್ಟು

ಊರಿಗೆ ಹೋಗುವವರೆಲ್ಲ ಹೋದ ಮರುದಿನ ಬೆಳಿಗ್ಗೆ ಏಳೂವರೆಗೆ ನಿರ್ಮಲಾ ಕಂಪ್ಯೂಟರಿನ ಮುಂದೆ ಕುಳಿತಳು. ಗಂಡ ಸಿದ್ದಲಿಂಗ ತೀರಿಕೊಂಡು ಆರು ದಿನವಾಗಿತ್ತು. ನಿನ್ನೆ ಗಣಾರಾಧನೆಯ ಊಟ ಮುಗಿದು, ಮಳಗಿಯಿಂದ ಬಂದಿದ್ದ ನೆಂಟರು ಉಳಿದ ಹುಗ್ಗಿಯನ್ನು ಡಬ್ಬಿಗಳಿಗೆ ತುಂಬಿಕೊಂಡು ಸಂಜೆಯ ಬಸ್ಸಿಗೆ ಹೊರಟಿದ್ದರು. ಹೊರಡುವಾಗ ಒಬ್ಬೊಬ್ಬರೂ ಅವಳ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಬೇಕು ಎಂದಿದ್ದರು. ಒಟ್ಟು ಒಂಬತ್ತು ಕೈ. ಎಣಿಸಬೇಕೆಂದು ಎಣಿಸಿದ್ದಲ್ಲ, ಈಗೀಗ ಎಣಿಕೆ ತಾನಾಗಿಯೇ ನಡೆದುಹೋಗುತ್ತಿತ್ತು. ಒಂಬತ್ತು ಕೈಗಳ ಭಾರ ಹೊತ್ತ ತಲೆಯಲ್ಲಿ ಅಳು ಎಲ್ಲಿದೆಯೆಂದು ಹುಡುಕಿ ಸಾಕಾಗಿ, ಕೊನೆಗೆ ಅವಳು ಕೆಲಸದ ಫೈಲನ್ನು ಒತ್ತಿದಳು. ಅದು ತೆರೆಯಲು ಹನ್ನೊಂದು ನಿಮಿಷ ಬೇಕು. ಅಷ್ಟು ಹೊತ್ತು ಪರದೆಯ ಮೇಲೆ ಒಂದು ಸಣ್ಣ ಚಕ್ರ ಸುತ್ತುತ್ತಿರುತ್ತದೆ, ನೋಡುವವರು ನೋಡಬಹುದು.

ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಸಿಪ್ಪೆ ಸಾಗಿಸುವ ಕನ್ವೇಯರಿನ ನಕ್ಷೆ ಅದು. ಬಿಡಿಭಾಗಗಳು ಇನ್ನೂರರೊಳಗೆ, ಬೋಲ್ಟುಗಳು ಆರುನೂರ ನಲವತ್ತು. ಇವಳಿಗಿಂತ ಮೊದಲು ಇದನ್ನು ಬಿಡಿಸಿದ ಯಾರೋ ಟ್ರೇನಿ ಒಂದೊಂದು ಬೋಲ್ಟಿನ ಮೇಲೂ ಥ್ರೆಡ್ಡಿನ ಸುರುಳಿಯನ್ನು ದೇವರ ಕೆಲಸದಷ್ಟು ಶ್ರದ್ಧೆಯಿಂದ ಕೆತ್ತಿಟ್ಟು ಹೋಗಿದ್ದ. ಆ ಸುರುಳಿಯನ್ನು ಯಾರೂ ನೋಡುವುದಿಲ್ಲ. ನೋಡಬೇಕಾದ ಅಗತ್ಯವೂ ಇಲ್ಲ, ಬೋಲ್ಟಿನ ಅಳತೆ ಬರೆದರೆ ಅಂಗಡಿಯವನು ಥ್ರೆಡ್ ಸಮೇತವೇ ಕೊಡುತ್ತಾನೆ. ಆದರೆ ಕಂಪ್ಯೂಟರ್ ಮಾತ್ರ ಪ್ರತಿಸಲವೂ ಆರುನೂರ ನಲವತ್ತು ಸುರುಳಿಯನ್ನು ಮೊದಲಿನಿಂದ ಸುತ್ತಿ ಮುಗಿಸಿಯೇ ಉಸಿರು ಬಿಡುತ್ತಿತ್ತು. ಇನ್ನೂ ದೊಡ್ಡ ತಪ್ಪೆಂದರೆ, ಅವನು ಬೋಲ್ಟುಗಳನ್ನು ಆಯಾ ತೂತಿಗೆ ಜೋಡಿಸಿರಲಿಲ್ಲ. ತೂತು ಇದ್ದ ಜಾಗದಲ್ಲಿ ಸುಮ್ಮನೆ ತಂದು ನಿಲ್ಲಿಸಿದ್ದ. ತಗಡನ್ನು ಆಚೆ ಸರಿಸಿದರೆ ತಗಡು ಹೋಗುತ್ತಿತ್ತು. ಬೋಲ್ಟು, ವಾಷರ್, ನಟ್ಟುಗಳು ಹಿಡಿದುಕೊಳ್ಳಲು ಏನೂ ಇಲ್ಲದೆ, ಬಸ್ಸು ತಪ್ಪಿದವರ ಹಾಗೆ, ಗಾಳಿಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಇದನ್ನು ಮೊದಲ ಸಲ ನೋಡಿದ ದಿನ ಸಿದ್ದಲಿಂಗ ಚಹಾದ ಕಪ್ಪು ಹಿಡಿದು ಅವಳ ಬೆನ್ನ ಹಿಂದೆಯೇ ನಿಂತಿದ್ದ. ವರ್ಕ್‌ಶಾಪಿನಲ್ಲಿ ಅವನು ಫಿಟರ್. ನಕ್ಕ ರಭಸಕ್ಕೆ ಚಹಾ ಅವಳ ಕೀಬೋರ್ಡಿನ ಮೇಲೆ ಚೆಲ್ಲಿ, ಇವತ್ತಿಗೂ ಏಳರ ಅಂಕಿಯ ಗುಂಡಿ ಒತ್ತಿದರೆ ಅಂಟಿಕೊಳ್ಳುತ್ತದೆ. "ಇಂಜಿನಿಯರ್ ಬಾಯಾರ, ನಿಮ್ಮ ಬೋಲ್ಟಿಗೆ ಪಾನಾ ಬ್ಯಾಡ, ಗ್ರೀಸ ಬ್ಯಾಡ, ಬೈಗಳಾ ಬ್ಯಾಡ. ಹಿಂಗ ನಿಂದರತಿದ್ರ ನಾ ಯಾಕ ದಿನಾ ಬಟ್ಟ ಜಜ್ಜಿಸಿಕೊಂಡು ಬರ್ತಿದ್ದೆ?" ಆಮೇಲೆ ಕಪ್ಪನ್ನು ಕೆಳಗಿಟ್ಟು, ಮಕ್ಕಳಿಗೆ ಹೇಳಿಕೊಡುವವನಂತೆ ಎರಡೂ ಕೈ ಎತ್ತಿ ತೋರಿಸಿದ್ದ. "ಒಬ್ಬಾಂವ ಈ ಕಡೆ ತಲಿ ಹಿಡೀಬೇಕು. ಇನ್ನೊಬ್ಬಾಂವ ಆ ಕಡೆ ನಟ್ ತಿರವಬೇಕು. ಬೋಲ್ಟ್ ಅಂದ್ರ ಇಬ್ಬರ ಕೆಲಸ ಅದು, ತಿಳೀತಿಲ್ಲೋ?" ಅವಳಿಗೆ ಸಿಟ್ಟು ಬಂದಿತ್ತು. ಬಿ.ಇ. ಮೆಕ್ಯಾನಿಕಲ್, ಫಸ್ಟ್ ಕ್ಲಾಸ್. ಎದ್ದು ಬಟ್ಟೆ ತಂದು ಕೀಬೋರ್ಡು ಒರೆಸಿದ್ದಳು.

ಊರಿನ ಕಾರ್ಖಾನೆಯಲ್ಲಿ ಎಂಟರ ಪಾಳಿಯ ಭೋಂಗಾ ಊದಿತು. ಅದು ನಿಲ್ಲುವ ಮೊದಲೇ ಬೆಳಗಾವಿಯಿಂದ ಕಿರಣಕುಮಾರನ ಫೋನು. ಅವಳಿಗೆ ಮನೆಯಿಂದಲೇ ಕೆಲಸ ಕೊಡುವ ಡಿಸೈನ್ ಆಫೀಸು ಅವನದು. ಸಾವಿನ ಮನೆಗೆ ಏನು ಮಾತಾಡಬೇಕೆಂದು ಅವನು ಬರೆದಿಟ್ಟುಕೊಂಡಿರಬೇಕು, ಓದುವ ದನಿಯಲ್ಲಿದ್ದ.

"ಮೇಡಂ, ಧೈರ್ಯ ತಗೋರಿ. ಎಷ್ಟ ದಿನಾ ಬೇಕೋ ಅಷ್ಟ ದಿನಾ ರಜಾ ತಗೋರಿ. ಕೆಲಸದ ಚಿಂತಿ ಬಿಡ್ರಿ." ಇಲ್ಲಿಗೆ ಚೀಟಿ ಮುಗಿಯಿತೆಂದು ತೋರುತ್ತದೆ. ಸ್ವಲ್ಪ ಹೊತ್ತು ಕೆಮ್ಮಿದ. "ಬೋಲ್ಟ್ ಲಿಸ್ಟ್ ನಾಲ್ಕಕ್ಕ ಬರ್ತೈತೇನ್ರಿ?"

"ಬರ್ತೈತ್ರಿ ಸರ್."

"ಅವಸರ ಏನೂ ಇಲ್ಲರಿ. ನಾಲ್ಕೂ ಹತ್ತಾದ್ರೂ ನಡೀತೈತಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಅತ್ತೆ ಕಾಶೆವ್ವ ಚಹಾ ಕಾಸಿಕೊಳ್ಳುತ್ತಿದ್ದಳು, ಒಂದೇ ಕಪ್ಪು, ತನಗಷ್ಟೇ. ಬೆಳಿಗ್ಗೆ ನಿರ್ಮಲಾ ಕಾಸಿಟ್ಟ ಚಹಾ ತಟ್ಟೆ ಮುಚ್ಚಿಕೊಂಡು ಹಾಗೆಯೇ ಕುಳಿತಿತ್ತು. ಆರು ದಿನದಿಂದ ಕಾಶೆವ್ವ ಸೊಸೆಯ ಕೈಯಿಂದ ಏನನ್ನೂ ತೆಗೆದುಕೊಂಡಿರಲಿಲ್ಲ. ಮಾತನ್ನು ಸಹ ಗೋಡೆಗೋ ಬೆಕ್ಕಿಗೋ ಆಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗ ಸತ್ತ ದುಃಖಕ್ಕೆ ಸೊಸೆಯ ಕಾಲ್ಗುಣ ಎತ್ತಿ ಆಡುವ ಪೈಕಿ ಅವಳಲ್ಲ. ಅವಳಿಗೆ ತಾಗಿದ್ದು ಬೇರೆ. ಮಗ ಕಡೆಯ ದಾರಿಯಲ್ಲಿ ತಾಯಿಯ ಕಡೆ ವಾಲಲಿಲ್ಲ, ಹೆಂಡತಿಯ ಕಡೆ ವಾಲಿದ.

ಸತ್ತವರನ್ನು ಕೂರಿಸಿಯೇ ಕಳಿಸುವ ಜನ ಅವರು. ಓಣಿಯ ಸಮಾಜಕ್ಕೆ ಸೇರಿದ ಒಂದು ಕಬ್ಬಿಣದ ವಿಮಾನವಿದೆ: ಕುಳಿತುಕೊಳ್ಳಲು ಪೀಠ, ಬೆನ್ನಿಗೆ ಆಸರೆ, ಮೇಲೆ ಹೂವಿನ ಮಾಲೆ ಕಟ್ಟಲು ಕಮಾನು, ಹೆಗಲಿಗೆ ಎರಡು ಉದ್ದ ಪೈಪು. ಸಿದ್ದಲಿಂಗನನ್ನು ಹಣೆತುಂಬ ವಿಭೂತಿ ಹಚ್ಚಿ, ಪೇಟ ಸುತ್ತಿ ಅದರಲ್ಲಿ ಕೂರಿಸಿದಾಗ ನೆಟ್ಟಗೇ ಇದ್ದ. ಓಣಿಯ ತಿರುವು ದಾಟಿದ್ದೇ ತಡ, ನಿಧಾನವಾಗಿ ಎಡಕ್ಕೆ ಬರತೊಡಗಿದ. ಬಲಕ್ಕೆ ಕಾಶೆವ್ವ ಎದೆ ಬಡಿದುಕೊಳ್ಳುತ್ತ ನಡೆಯುತ್ತಿದ್ದಳು, ಎಡಕ್ಕೆ ನಿರ್ಮಲಾ ಸುಮ್ಮನೆ ನಡೆಯುತ್ತಿದ್ದಳು. ಹೊತ್ತವರು ನಿಂತು ಸರಿಮಾಡಿ ಕೂರಿಸಿದರು. ಹತ್ತು ಹೆಜ್ಜೆಗೆ ಮತ್ತೆ ಎಡಕ್ಕೆ. ನಾಲ್ಕು ಸಲ ಹೀಗಾಯಿತು. ಪಕ್ಕದ ಮನೆಯ ಸುವರ್ಣಾ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ಹೇಳಿಯೇಬಿಟ್ಟಳು: "ನೋಡ್ರೆವಾ, ಸತ್ತರೂ ಹೇಂತಿ ಕಡೇನ ವಾಲ್ಯಾನ!" ಹೆಂಗಸರ ಗುಂಪಿನಲ್ಲಿ ಹೊಸದಾಗಿ ಅಳು ಎದ್ದಿತು. ಬಲಗಡೆಯ ಎದೆ ಬಡಿತ ಮಾತ್ರ ಥಟ್ಟನೆ ನಿಂತಿತು. ಆಗಲೇ ನಿರ್ಮಲಾ ತಲೆಯೆತ್ತಿ ಗಂಡನ ಮುಖದ ಬದಲು ಅವನ ಬೆನ್ನ ಆಸರೆಯ ಎಡಗಾಲನ್ನು ನೋಡಿದ್ದು. ಅಲ್ಲಿ ಬೋಲ್ಟಿರಬೇಕಾದ ಎರಡು ತೂತು ಖಾಲಿಯಿದ್ದವು. ಅವುಗಳಲ್ಲಿ ಯಾರೋ ಅವಸರಕ್ಕೆ ಸುತಳಿ ಪೋಣಿಸಿ ಬಿಗಿದಿದ್ದರು, ಅದು ಹೆಜ್ಜೆಹೆಜ್ಜೆಗೂ ಸಡಿಲುತ್ತಿತ್ತು. ಆ ಎರಡು ಬೋಲ್ಟು ಎಲ್ಲಿವೆಯೆಂದು ಮೆರವಣಿಗೆಯಲ್ಲಿದ್ದ ಹೆಂಗಸರ ಪೈಕಿ ಅವಳೊಬ್ಬಳಿಗೇ ಗೊತ್ತಿತ್ತು.

ಈಗ ಅವಳ ಮೊಣಕಾಲು ತಾಗುತ್ತಿರುವುದು ಅವಕ್ಕೇ. ಆರು ವಾರದ ಹಿಂದಿನ ಒಂದು ಭಾನುವಾರ; ಸಿದ್ದಲಿಂಗ ತನ್ನ ಕೈಯಾರೆ ಪೈಪಿನಿಂದ ಮಾಡಿದ್ದ ಈ ಕಂಪ್ಯೂಟರ್ ಟೇಬಲ್ಲು ಅಲುಗುತ್ತಿತ್ತು. ಅವಳು ಮೌಸ್ ಹಿಡಿದರೆ ಪರದೆಯ ಮೇಲೆ ಆರುನೂರ ನಲವತ್ತು ಬೋಲ್ಟು ಒಟ್ಟಿಗೆ ನಡುಗುತ್ತಿದ್ದವು. ತಿಂಗಳಿನಿಂದ ಹೇಳುತ್ತಿದ್ದಳು, ಆ ದಿನ ಕೂಗಿದಳು: "ಮಂದಿ ಮಷೀನ ಎಲ್ಲಾ ಬಿಗೀತೀರಿ, ಮನ್ಯಾಗಿನ ಟೇಬಲ್ ಬಿಗಿಯೂದ ಆಗೂದಿಲ್ಲ." ಎರಡು ಪೈಪು ಒಟ್ಟಿಗೆ ದಾಟುವ ನಾಲ್ಕಿಂಚು ಉದ್ದದ ಬೋಲ್ಟು ಬೇಕು, ಭಾನುವಾರ ದಾಂಡೇಲಿಯ ಅಂಗಡಿ ಯಾವುದೂ ತೆರೆದಿಲ್ಲ ಎಂದ. ಎಂದವನು ಸೈಕಲ್ ಹತ್ತಿ ಹೋಗಿ ಅರ್ಧ ಗಂಟೆಯಲ್ಲಿ ಎರಡು ಬೋಲ್ಟು ತಂದ. ಹಳೆಯ ಕಾಲದವು, ಕರಿಯ ತಲೆ, ಎಣ್ಣೆ ಕುಡಿದು ಮಿರುಗುವಂಥವು. ಎಲ್ಲಿಂದ ಎಂದು ಅವಳು ಕೇಳಿದ್ದಕ್ಕೆ ಟೇಬಲ್ಲಿನ ಅಡಿಯಿಂದಲೇ ಉತ್ತರ ಬಂದಿತ್ತು: "ಸಮಾಜದ ವಿಮಾನದ್ದು. ಕಡಾ ತಂದೇನಿ. ಹೆದರಬ್ಯಾಡ, ಯಾರರ ಸಾಯೂದ್ರಾಗ ತಿರುಗಿ ಹಚ್ಚತೇನಿ." ಅವಳಿಗೆ ನಗು ಬಂದಿತ್ತು. ಓಣಿಯಲ್ಲಿ ಐದು ವಾರ ಯಾರೂ ಸಾಯಲಿಲ್ಲ. ಎಂಬತ್ತು ದಾಟಿದವರೇ ಹನ್ನೊಂದು ಜನ ಇದ್ದರು, ಎಲ್ಲರೂ ಗಟ್ಟಿಯಾಗಿ ಕುಳಿತಿದ್ದರು. ಕೊನೆಗೆ ಮೂವತ್ತನಾಲ್ಕರ ಸಿದ್ದಲಿಂಗನೇ ವರ್ಕ್‌ಶಾಪಿನ ಗೋಡೆಗೆ ಆತು ಕುಳಿತು, ಚಹಾ ಕುಡಿಯುತ್ತ ಕುಡಿಯುತ್ತ, ಕಪ್ಪನ್ನು ಚೆಲ್ಲದಂತೆ ಪಕ್ಕಕ್ಕಿಟ್ಟು ಹೋಗಿಬಿಟ್ಟ.

ಮೆರವಣಿಗೆಯಲ್ಲಿ ಸಿದ್ದಲಿಂಗನ ಆ ಮಾತು ನೆನಪಾದದ್ದೇ, ನಿರ್ಮಲಾಳಿಗೆ ಹೊಟ್ಟೆಯ ಆಳದಿಂದ ನಗು ಒದ್ದುಕೊಂಡು ಬಂದಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೆಗಲು ಕುಣಿಯುವುದು ನಿಲ್ಲಲಿಲ್ಲ. ಸುವರ್ಣಾ ತಬ್ಬಿಕೊಂಡು, "ಅಳು ನಮ್ಮವ್ವಾ, ಈಗರ ಅಳು ಬಂತು, ಚಲೋ ಆತು" ಎಂದಳು. ಆರು ದಿನದಲ್ಲಿ ಅವಳು ಅತ್ತದ್ದೆಂದು ಲೆಕ್ಕಕ್ಕೆ ಸಿಕ್ಕಿದ್ದು ಅದೊಂದೇ. ಇನ್ನೂ ನಾಚಿಕೆಗೇಡಿನ ಮಾತೊಂದಿತ್ತು, ಅದನ್ನು ಅವಳು ತನಗೂ ನೇರವಾಗಿ ಹೇಳಿಕೊಂಡಿರಲಿಲ್ಲ. ಎರಡು ಬೋಲ್ಟಿಲ್ಲದ ಆಸರೆ ಎಡಕ್ಕೇ ಬಾಗಬೇಕು, ಬಲಕ್ಕೆ ಅವಳ ಸವತಿ ನಡೆದಿದ್ದರೂ ಎಡಕ್ಕೇ. ಇದನ್ನು ಚಿತ್ರ ಬರೆದು ತೋರಿಸಬಲ್ಲ ಓದು ಅವಳದು. ಆದರೂ ಕಣ್ಣು ಮುಚ್ಚಿದರೆ ಸುವರ್ಣಾಳ ಮಾತೇ ಕೇಳುತ್ತಿತ್ತು. ಕೇಳಲಿ ಎಂದು ಬಿಟ್ಟಿದ್ದಳು.

ಹತ್ತು ಗಂಟೆಗೆ ಬಾಗಿಲಲ್ಲಿ ಕೆಮ್ಮು. ಸಮಾಜದ ಹಿರಿಯ ನಾಗಲಿಂಗಪ್ಪ, ಕೈಯಲ್ಲಿ ಅಳತೆಯ ಟೇಪು, ಬಗಲಲ್ಲಿ ಲೆಕ್ಕದ ವಹಿ. ಮನೆಯಲ್ಲಿದ್ದ ಇನ್ನೊಂದು ಕುರ್ಚಿಯನ್ನು ಟೇಬಲ್ಲಿನ ಪಕ್ಕಕ್ಕೆ ಎಳೆದುಕೊಂಡ.

"ತಂಗಿ, ಈ ಹೊತ್ತಿನ್ಯಾಗ ಕೇಳಬಾರದು. ಖರೆ ನೀನ ಇಂಜಿನಿಯರು, ಮತ್ತ ಯಾರಿಗೆ ಕೇಳ್ಲಿ? ನಮ್ಮ ವಿಮಾನದ್ದೊಂದು ನಕ್ಷೆ ಆಗಬೇಕು. ಕಂಪ್ಯೂಟರದಾಗ. ಯಾವ ಬೋಲ್ಟ್ ಎಲ್ಲಿ, ಎಷ್ಟು, ಎಲ್ಲಾ ಪಟ್ಟಿ ಸಹಿತ."

"ಯಾಕ್ರಿ ಕಾಕಾ?" ಎಂದಳು ನಿರ್ಮಲಾ. ಅವಳ ದನಿ ಅವಳಿಗೇ ಚೆನ್ನಾಗಿ ಕೇಳಿಸಿತು.

"ಯಾಕಂದ್ರ? ಎರಡ ಬೋಲ್ಟ್ ಕದ್ದಾರ! ಹೆಣದ ವಿಮಾನದಾಗ ಕದಿಯೂವಂಥಾ ಮಕ್ಕಳು! ನಿನ್ನ ಗಂಡಾ, ಪಾಪ, ಇಡೀ ಊರಿನ ನಟ್ಟು ಬೋಲ್ಟು ಬಿಗದಾಂವ, ಅವನ ಮಾನಾ ಹೋಗೂವಂಗ ವಾಲಿಸಿಬಿಟ್ರು. ನನಗ ರಾತ್ರಿ ನಿದ್ದಿಲ್ಲ. ವಿಮಾನ ಇಡೂ ಶೆಡ್ಡಿನ ಕೀಲಿ ಇರೂದು ಮಹಾಬಳೇಶ್ವರನ ಕಡೆ. ಕೇಳಿದ್ರ ತಲಿ ಕೆಳಗ ಹಾಕ್ತಾನ, ಬಾಯಿ ಬಿಡೂದಿಲ್ಲ. ಸಂಜಿ ಆರಕ್ಕ ಕೀಲಿ ಕಸಗೊಂಡು ಅವನ್ನ ಕೆಲಸದಿಂದ ತಗದ ಹಾಕೂದ. ಎಲ್ಲಾರಿಗೂ ಹೇಳೇನಿ."

ಸಿಟ್ಟಿನಲ್ಲಿ ಅವನು ಟೇಬಲ್ಲಿನ ಕಾಲಿಗೆ ಬಡಿದ. ಬಡಿದ ಕೈಗೆ ಏನೋ ತಾಗಿ, ಬಾಗಿ ನೋಡಿದ. ಕನ್ನಡಕ ಏರಿಸಿದ. ಬೋಲ್ಟಿನ ತಲೆಯ ಮೇಲೆ ಹೆಬ್ಬೆರಳನ್ನು, ಹಣ್ಣು ಆರಿಸುವವನ ಹಾಗೆ, ಮೆಲ್ಲಗೆ ಆಡಿಸಿದ.

"ಥೇಟ್ ಇಂಥಾವ ಇದ್ದೂ ನೋಡ ತಂಗಿ!"

ನಿರ್ಮಲಾ ಪರದೆಯನ್ನು ನೋಡಿದಳು. ಅಲ್ಲಿ ತಗಡಿಲ್ಲದ ಹದಿನಾರು ಬೋಲ್ಟು ಗಾಳಿಯಲ್ಲಿ ನಿಂತಿದ್ದವು.

"ಇಂಥಾ ಮಾಲು ಈಗ ಬರೂದ ಇಲ್ಲ. ಎಲ್ಲಿ ಸಿಕ್ಕೂ ಇವು?"

"ಅವರು ತಂದಿದ್ರು."

"ಅಂವಾ ಏನ ತಂದರೂ ಚೊಕ್ಕ ಮಾಲು ತರಾಂವ," ಎಂದು ನಾಗಲಿಂಗಪ್ಪ ಕಣ್ಣೊರೆಸಿಕೊಂಡ. ವಹಿ ತೆಗೆದು ಟೇಬಲ್ಲಿನ ಬೋಲ್ಟನ್ನೇ ಟೇಪಿನಿಂದ ಅಳೆದು, "ಅರ್ಧಾ ಇಂಚು, ಉದ್ದ ನಾಲ್ಕು. ಇದನ್ನ ಬರಕೋ, ಒಟ್ಟ ಎಂಟು" ಎಂದು ಹೇಳಿ, ಗೇಟಿನತನಕ ಕಳ್ಳನನ್ನು ಬೈಯುತ್ತ ಹೋದ.

ನಿರ್ಮಲಾ ಅವನು ಹೇಳಿದಂತೆ ಬರೆದುಕೊಂಡಳು. ಎಂಟು ಎನ್ನುವ ಅಂಕಿ ಅಂಟಿಕೊಳ್ಳುವ ಗುಂಡಿಯ ಪಕ್ಕದಲ್ಲೇ ಇತ್ತು. ಹೇಳಿಬಿಟ್ಟರೆ ಮಹಾಬಳೇಶ್ವರನ ಕೆಲಸ ಉಳಿಯುತ್ತದೆ. ಸಿದ್ದಲಿಂಗ ಹೆಣದ ವಿಮಾನದಲ್ಲಿ ಕದ್ದವನಾಗಿ ಓಣಿಯಲ್ಲಿ ಇನ್ನೆರಡು ತಲೆಮಾರು ಬದುಕುತ್ತಾನೆ. ಮತ್ತೆ, ಇದನ್ನು ಕೊನೆಯದಾಗಿ ಯೋಚಿಸಿದಳು, ಆದರೆ ಮೊದಲು ಹೊಳೆದದ್ದು ಇದೇ: ಹೇಳಿದರೆ ಅವನು ತನ್ನ ಕಡೆ ವಾಲಿದ್ದು ಹೋಗಿಬಿಡುತ್ತದೆ.

ಬೆನ್ನ ಹಿಂದೆ ಬಳೆಯ ಸದ್ದಾಯಿತು. ಕಾಶೆವ್ವ ಅಡುಗೆಮನೆಯ ಬಾಗಿಲು ದಾಟಿ ಬಂದು, ಸೆರಗು ಸಿಕ್ಕಿಸಿಕೊಂಡು, ಮಂಡಿಯೂರಿ ಟೇಬಲ್ಲಿನ ಅಡಿಗೆ ತಲೆ ಹಾಕಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಆರು ದಿನದ ಮೇಲೆ ಅವಳು ಸೊಸೆಗೆ ಆಡಿದ ಮೊದಲ ಮಾತು ಟೇಬಲ್ಲಿನ ಅಡಿಯಿಂದಲೇ ಬಂತು.

"ಎಲ್ಲಿಂದ ತಂದಿದ್ದ?"

ನಿರ್ಮಲಾ ಹೇಳಿದಳು. ಭಾನುವಾರ, ಕಡ, ಯಾರಾದರೂ ಸಾಯುವುದರೊಳಗೆ ಎಂದ ಮಾತು, ಎಲ್ಲವನ್ನೂ. ಆ ಮಾತಿಗೆ ಟೇಬಲ್ಲಿನ ಅಡಿಯಲ್ಲಿ ಒಂದು ಸದ್ದಾಯಿತು. ಕೆಮ್ಮೋ ನಗುವೋ ತಿಳಿಯಲಿಲ್ಲ.

ಕಾಶೆವ್ವ ಹೊರಬಂದು ನೆಲದ ಮೇಲೆಯೇ ಕುಳಿತಳು. ಹಣೆಗೆ ಜೇಡನ ಬಲೆ ಅಂಟಿತ್ತು. "ಹಂಗಾರ ಅಂವಾ ನಿನ್ನ ಕಡೆ ವಾಲಲಿಲ್ಲ."

"ಇಲ್ರಿ ಅತ್ತಿ."

"ಬೋಲ್ಟ್ ಇದ್ದಿಲ್ಲ, ಅದಕ್ಕ ವಾಲಿದ."

"ಹೌದ್ರಿ. ಎಡಗಡೀದು ಎರಡೂ."

ಮುದುಕಿ ಈ ಲೆಕ್ಕವನ್ನು ತನ್ನೊಳಗೆ ಒಂದೆರಡು ಸಲ ತಿರುಗಿಸಿ ನೋಡಿದಳು. ಆಮೇಲೆ ಎದ್ದು ಹೋಗಿ, ಬೆಳಗಿನ ತಣ್ಣನೆಯ ಚಹಾವನ್ನು ಬಿಸಿ ಮಾಡಿ, ಎರಡು ಕಪ್ಪಿಗೆ ಸುರಿದು ತಂದಳು. ಒಂದನ್ನು ಕೀಬೋರ್ಡಿನಿಂದ ದೂರ ಇಟ್ಟಳು. "ನಿನ್ನ ನಾಲ್ಕರ ಕೆಲಸ ಮುಗಸು ಮದಲ. ಆಮ್ಯಾಲ ಇದನ್ನ ನೋಡೂಣು," ಎಂದಳು. ಸಮಾಧಾನ ಹೊಂದಿದವಳ ದನಿ ಅದು. ನಿರ್ಮಲಾ ಚಹಾ ಕುಡಿದಳು. ಆರು ದಿನ ಗುಟ್ಟಾಗಿ ಇಟ್ಟುಕೊಂಡದ್ದನ್ನು ಯಾರಿಗೋ ಎತ್ತಿ ಕೊಟ್ಟು ಕುಳಿತಂತಿತ್ತು. ಕೈ ಖಾಲಿ, ಆದರೆ ಕೈಯಲ್ಲಿ ಕಪ್ಪಿತ್ತು.

ಮಧ್ಯಾಹ್ನ ಪೂರ್ತಿ ಅವಳು ಟ್ರೇನಿಯ ಸುರುಳಿಗಳನ್ನು ಕಿತ್ತಳು. ಥ್ರೆಡ್ಡಿನ ಬೋಲ್ಟು ತೆಗೆದು ನುಣುಪಾದ, ಹೆಸರು ಮತ್ತು ಅಳತೆ ಮಾತ್ರ ಇರುವ ಬೋಲ್ಟು ಹಾಕಿದಳು. ಬೋಲ್ಟು, ವಾಷರ್, ನಟ್ಟುಗಳನ್ನು ಒಂದು ಜೋಡಿ ಮಾಡಿ, ಆ ಜೋಡಿಯನ್ನು ತಗಡಿನ ತೂತಿಗೆ ಕಟ್ಟಿದಳು. ಇನ್ನು ತಗಡು ಎಲ್ಲಿ ಹೋದರೂ ಅವು ಜೊತೆಗೆ ಹೋಗುತ್ತವೆ. ಒಂದನ್ನು ಸರಿಯಾಗಿ ಕೂರಿಸಿದರೆ ಸಾಲಿನ ಉಳಿದವು ತಾವಾಗಿ ಬರುತ್ತಿದ್ದವು. ಎಲ್ಲವನ್ನೂ ಅಳತೆಯ ಪ್ರಕಾರ ಬೇರೆಬೇರೆ ಫೋಲ್ಡರಿನಲ್ಲಿಟ್ಟಳು. ಪಟ್ಟಿ ತಾನಾಗಿ ತಯಾರಾಯಿತು: ಆರುನೂರ ಮೂವತ್ತೆಂಟು. ಎರಡು ಬೋಲ್ಟನ್ನು ಟ್ರೇನಿ ಒಂದೇ ತೂತಿನಲ್ಲಿ ಒಂದರೊಳಗೊಂದು ಇಟ್ಟು ಮರೆತಿದ್ದ, ಇನ್ನೊಂದು ಕಡೆಯಲ್ಲೂ ಹಾಗೆಯೇ. ಇದ್ದಿದ್ದು ಅಷ್ಟೇ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಕಳಿಸಿದಳು. ಫೈಲನ್ನು ಮುಚ್ಚಿ ಮತ್ತೆ ತೆರೆದು ನೋಡಿದಳು, ನಲವತ್ತು ಸೆಕೆಂಡು. ಉಳಿದ ಹತ್ತು ನಿಮಿಷವನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ಕುಳಿತಳು.

ವರ್ಕ್‌ಶಾಪಿನವರು ತಂದುಕೊಟ್ಟಿದ್ದ ಸಿದ್ದಲಿಂಗನ ಚೀಲದಲ್ಲಿ ನಟ್ಟು ತಿರುಗಿಸುವ ಎರಡು ರಿಂಗ್ ಪಾನಾ ಇದ್ದವು. ಮಾನಿಟರನ್ನು ಮಂಚದ ಮೇಲೆ ಮಲಗಿಸಿ, ನಿರ್ಮಲಾ ಟೇಬಲ್ಲಿನ ಅಡಿಗೆ ನುಸುಳಿದಳು. ನಟ್ಟಿಗೆ ಪಾನಾ ಸಿಕ್ಕಿಸಿ ಬಲವೆಲ್ಲ ಹಾಕಿ ತಿರುಗಿಸಿದಳು. ಬೋಲ್ಟು ಪೂರ್ತಿ ಅದರ ಸಂಗಡವೇ ತಿರುಗಿತು.

"ತಲಿ ಯಾರ ಹಿಡೀಬೇಕು?" ಎಂದಳು ಕಾಶೆವ್ವ. ಫಿಟರನ ತಾಯಿ. ಇನ್ನೊಂದು ಪಾನಾ ತೆಗೆದುಕೊಂಡು ಆ ಕಡೆಯಿಂದ ಒತ್ತಿ ಹಿಡಿದಳು. "ಹಾಂ, ತಿರವು. ಅಯ್ಯ, ಬಿಗೀಲಿಕ್ಕ ಹತ್ತೀದಿ! ಎಡಕ್ಕ ತಿರವು, ಎಡಕ್ಕ. ಹದಿನಾರು ವರ್ಷ ಸಾಲಿ ಕಲ್ತು ಇದನ್ನ ಹೇಳಿಕೊಡಲಿಲ್ಲೇನು?"

"ಬರೀ ಓದಿಸಿದ್ರು ಅತ್ತಿ."

ಐದು ಗಂಟೆಗೆ ಇಬ್ಬರೂ ಹಳಿಯಾಳ ರಸ್ತೆಯ ಬದಿಯ ಶೆಡ್ಡಿನ ಮುಂದೆ ನಿಂತಿದ್ದರು. ಬೋಲ್ಟುಗಳು ಕಾಶೆವ್ವನ ಎಲೆಯಡಿಕೆಯ ಚೀಲದಲ್ಲಿದ್ದವು, ಪಾನಾಗಳು ನಿರ್ಮಲಾಳ ಕಾಲೇಜಿನ ಬ್ಯಾಗಿನಲ್ಲಿ. ಮಹಾಬಳೇಶ್ವರ ಹೊಸ್ತಿಲ ಮೇಲೆ ಕುಳಿತು ಕೀಲಿಯನ್ನು ಬೆರಳಿಗೆ ಸುತ್ತುತ್ತಿದ್ದ, ಆರಕ್ಕೆ ಕೊಡಬೇಕಾದದ್ದನ್ನು. ಬೋಲ್ಟು ನೋಡಿದ್ದೇ ಎದ್ದು ನಿಂತ.

"ನನಗ ಗೊತ್ತಿತ್ರಿ ವೈನಿ. ಕೀಲಿ ಕೊಟ್ಟಾಂವ ನಾನ ಅಲ್ಲೇನ್ರಿ ಅವಂಗ. ಈಗ ಹೆಂಗ ಹೇಳ್ಲಿ? ಸತ್ತಾವಗ ತಿರುಗಿ ಬೈಯಾಕ ಬರೂದಿಲ್ಲಲ್ರಿ."

"ನಾಗಲಿಂಗಪ್ಪ ಬಂದ್ರ ಎಣಸ್ರಿ ಅನ್ನು," ಎಂದಳು ಕಾಶೆವ್ವ ಒಳಗೆ ನಡೆಯುತ್ತ. "ಎಂಟ ಇರ್ತಾವ. ಅವಗ ಕಣ್ಣ ಕಾಣೂದಿಲ್ಲ ಅಂತ ನಾ ಹೇಳ್ತೇನಿ."

ವಿಮಾನ ಗೋಡೆಗೆ ಆತು ನಿಂತಿತ್ತು, ಕಮಾನಿನಲ್ಲಿ ಒಣಗಿದ ಚೆಂಡು ಹೂವಿನ ಎಳೆಗಳು. ಎಡಗಾಲಿನಲ್ಲಿ ಅದೇ ಸುತಳಿ. ನಿರ್ಮಲಾ ಅದನ್ನು ಬಿಚ್ಚಿ ಉಂಡೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಮೊದಲ ಬೋಲ್ಟು ತೂತಿನಲ್ಲಿ ತಾನಾಗಿಯೇ ಜಾರಿ ಕುಳಿತಿತು. ಎರಡನೆಯದಕ್ಕೆ ಆಸರೆಯನ್ನು ಸ್ವಲ್ಪ ಎತ್ತಿ ಹಿಡಿಯಬೇಕಾಯಿತು. ಕಾಶೆವ್ವ ಆ ಕಡೆಯಿಂದ ತಲೆ ಹಿಡಿದಳು, ಇವಳು ಈ ಕಡೆಯಿಂದ ನಟ್ಟು ತಿರುಗಿಸಿದಳು, ಬಲಕ್ಕೆ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ, ನಡುವೆ ಪೀಠದ ಬೆನ್ನಿತ್ತು. ಕಬ್ಬಿಣದ ಮೂಲಕ ಅತ್ತೆಯ ಕೈಯ ಒತ್ತಡ ಮಾತ್ರ ಇವಳ ಕೈಗೆ ಬರುತ್ತಿತ್ತು. ಸಿದ್ದಲಿಂಗ ಹೇಳಿದ್ದು ಇದನ್ನೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ನಟ್ಟು ಕಿರುಗುಟ್ಟಿ ನಿಂತಿತು. ಇನ್ನು ತಿರುಗಲಾರದು.

"ಆತೇನು?"

"ಆತ್ರಿ."

"ತಡಿ, ನೋಡಿಬಿಡ್ತೇನಿ." ಕಾಶೆವ್ವ ಚಪ್ಪಲಿ ಬಿಟ್ಟು, ಪೈಪಿನ ಮೇಲೆ ಕಾಲಿಟ್ಟು, ಪೀಠವನ್ನು ಹತ್ತತೊಡಗಿದಳು.

ಮಹಾಬಳೇಶ್ವರ ಬಾಗಿಲಲ್ಲಿ ಹೌಹಾರಿದ. "ಯವ್ವಾ! ಯವ್ವಾ! ಬದಕಿದ್ದವ್ರು ಹತ್ತಬಾರದ್ರಿ ಅದನ್ನ!"

"ಇನ್ನ ನಾನ ಅಲ್ಲೇನು ಕುಂಡ್ರಾಕಿ? ಆವಾಗ ಅಲಗಿದ್ರ ಯಾರಿಗೆ ಹೇಳ್ಲಿ?" ಅವಳು ಚಕ್ಕಳಮಕ್ಕಳ ಹಾಕಿ ಕುಳಿತು, ಸೆರಗು ಸರಿಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟಳು. ಒಣ ಹೂವಿನ ಎಳೆಯೊಂದು ಅವಳ ತಲೆಗೆ ತಾಗುತ್ತಿತ್ತು. "ಎದರಿಗೆ ನಿಂತ ನೋಡವಾ. ವಾಲತೈತೇನು?"

ನಿರ್ಮಲಾ ಎದುರಿಗೆ ನಿಂತು, ಒಂದು ಕಣ್ಣು ಮುಚ್ಚಿ, ಕಮಾನಿನ ನಡುವಿಗೂ ಅತ್ತೆಯ ಮೂಗಿಗೂ ಗೆರೆ ಹಿಡಿದು ನೋಡಿದಳು. ನೆಟ್ಟಗಿತ್ತು. ಗಂಡ ಕುಳಿತಿದ್ದ ಜಾಗದಲ್ಲಿ ಅವನದೇ ಮೂಗು, ಅವನದೇ ಗದ್ದ, ಒಂದಿಷ್ಟೂ ಎಡಕ್ಕಿಲ್ಲ. ಮುಚ್ಚಿದ ಕಣ್ಣಿನಿಂದ ಏನೋ ಇಳಿದು ಮೂಗಿನ ಬದಿಗೆ ಬಂತು. ಒರೆಸಿಕೊಳ್ಳಲು ಎರಡೂ ಕೈಗೆ ಗ್ರೀಸ್ ಅಂಟಿತ್ತು.

"ಇಲ್ರಿ ಅತ್ತಿ. ವಾಲೂದಿಲ್ಲ."

"ಹಂಗಾರ ಇಳಸ ನನ್ನ. ಮಣಕಾಲ ಹಿಡದಾವು."

ನಿರ್ಮಲಾ ಪೀಠದ ಎಡಕ್ಕೆ ಬಂದು ನಿಂತು ಗ್ರೀಸಿನ ಕೈಯನ್ನೇ ಚಾಚಿದಳು. ಕಾಶೆವ್ವ ಆ ಕೈಯನ್ನು ಹಿಡಿದು, ಮೈಯ ಭಾರವನ್ನೆಲ್ಲ ಅವಳ ಕಡೆಗೆ ಬಿಟ್ಟು, ವಾಲಿದಳು. ವಿಮಾನ ಅಲುಗಲಿಲ್ಲ.